ಮೂರು ಮೀಟರಿನ ನಕ್ಷತ್ರ

ಅಕ್ಕ ಡೇರೆ ಹೊಲಿಯುವ ಆ ಕಾರ್ಖಾನೆಗೆ ತಮ್ಮ ಕಾಲಿಟ್ಟದ್ದು ಒಂಬತ್ತು ವರ್ಷಗಳ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಅಕ್ಕ ಆಗ ನೆಲದ ಮೇಲೆ ಮಂಡಿಯೂರಿ ಕೂತು, ಉದ್ದಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಪಿನ್ನು. ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರೆಂದು ತಲೆಯೆತ್ತಿದಳು. ಮೊದಲು ಕಂಡದ್ದು ಬೂಟು, ಆಮೇಲೆ ಕಂಕುಳಲ್ಲಿ ಸುತ್ತಿ ಹಿಡಿದ ಕಾಗದ, ಕೊನೆಗೆ ಮುಖ. ತಲೆ ಅರ್ಧ ನರೆತಿತ್ತು. ಅಪ್ಪನ ಮೂಗು ಮಾತ್ರ ಹಾಗೇ ಇತ್ತು.

ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡ ಮೆತ್ತೆಗೆ ಚುಚ್ಚಿದಳು. ಮುಗಿದ ಮೇಲೆ, "ಬನ್ನಿ. ಏನಾಗ್ಬೇಕಿತ್ತು ನಿಮಗೆ?" ಎಂದಳು.

ತಮ್ಮನ ಮುಖ ಕಪ್ಪಿಟ್ಟಿತು. ಎಂಟು ವರ್ಷ ದೊಡ್ಡವಳು, ಕಂಕುಳಲ್ಲಿ ಎತ್ತಿ ಆಡಿಸಿದವಳು, 'ಲೋ', 'ಕೋತಿ', 'ದಡ್ಡ' ಬಿಟ್ಟು ಬೇರೆ ಹೆಸರಿನಿಂದ ಕರೆದವಳೇ ಅಲ್ಲ. ಅವಳ ಬಾಯಿಂದ 'ನೀವು' ಬಂತೆಂದರೆ ಕಪಾಳಕ್ಕೆ ಬಿಗಿದದ್ದಕ್ಕಿಂತ ಹೆಚ್ಚು. ಹೊಡೆದಿದ್ದರೆ ಕೆನ್ನೆ ಸವರಿಕೊಂಡು ನಗಬಹುದಿತ್ತು.

ಮೂಲೆಯಲ್ಲಿ ಯಜಮಾನಿ ಕೂತಿದ್ದಳು. ಹಗ್ಗ ಪೋಣಿಸುವ ತೂತುಗಳಿಗೆ ಹಿತ್ತಾಳೆ ಬಳೆ ಕೂರಿಸಿ ಸುತ್ತಿಗೆಯಿಂದ ಬಡಿಯುವುದು ಅವಳ ಕೆಲಸ. ಐವತ್ತು ವರ್ಷ ಬಡಿದು ಬಡಿದು ಕಿವಿ ಮಂದವಾಗಿತ್ತು, ಅದಕ್ಕೆ ತಕ್ಕ ಹಾಗೆ ಬಾಯಿ ಜೋರಾಗಿತ್ತು. ಬೀದಿಯವರೆಲ್ಲ ಹಿಂದಿನಿಂದ ಅವಳಿಗೆ ಪಟಾಕಿ ಎನ್ನುತ್ತಿದ್ದರು. ಸುತ್ತಿಗೆ ಕೆಳಗಿಟ್ಟು, "ಯಾರೇ ಅದು? ನಿನ್ನ ತಮ್ಮನ ಥರ ಇದಾನೆ!" ಎಂದು ಕೂಗಿದಳು.

"ಗಿರಾಕಿ," ಎಂದಳು ಅಕ್ಕ.

ಗಿರಾಕಿ ತಂದ ಕೆಲಸ ಇದು. ಊರಿನ ವಿಜ್ಞಾನ ಮ್ಯೂಸಿಯಮ್ಮಿನಲ್ಲಿ ಹೊಸ ಹಜಾರ ಆಗುತ್ತಿದೆ, ನಕ್ಷತ್ರಗಳ ಹಜಾರ. ಅದರ ಉಸ್ತುವಾರಿ ಈಗ ಅವನದು. ಸೂರ್ಯನನ್ನು ಒಂದು ಸಾಸಿವೆ ಕಾಳು ಎಂದುಕೊಂಡರೆ ಅತಿ ದೊಡ್ಡ ನಕ್ಷತ್ರಗಳು, ಮಹಾದೈತ್ಯ ಎಂದು ಕರೆಯುತ್ತಾರಲ್ಲ ಅವು, ಎಷ್ಟಿರುತ್ತವೆ ಎಂದು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ಲೆಕ್ಕದ ಪ್ರಕಾರ ಮೂರು ಮೀಟರ್ ಅಗಲದ ಗೋಲ ಬೇಕು. ಕೆಂಪು ಬಟ್ಟೆಯದು, ಕೆಳಗಿನಿಂದ ಫ್ಯಾನು ಗಾಳಿ ಊದುತ್ತಿರಬೇಕು, ಗೋಲ ಸೂರಿನಿಂದ ತೂಗಾಡಬೇಕು. ಮೂರು ಕಡೆ ವಿಚಾರಿಸಿದ. ಚೌಕ ಹೊಲಿಯುವವರು ಇದ್ದಾರೆ, ಗೋಪುರ ಹೊಲಿಯುವವರು ಇದ್ದಾರೆ. ಗುಂಡಗೆ ಹೊಲಿಯುವವರು ಸಿಗಲಿಲ್ಲ.

"ಎಲ್ಲರೂ ಇಲ್ಲಿಗೇ ಹೋಗಿ ಅಂದ್ರು," ಎಂದ.

ಅದು ಸುಳ್ಳಲ್ಲ. ಆದರೆ ಅವನು ಮೂರು ಕಡೆ ವಿಚಾರಿಸಿದ್ದು ಯಾರಾದರೊಬ್ಬರು ಹಾಗೆ ಹೇಳಲಿ ಎಂದೇ.

"ಯಾವಾಗ ಬೇಕು?"

"ಐದು ವಾರ ಇದೆ."

"ನಕ್ಷೆ ಇಟ್ಟು ಹೋಗಿ. ಆಗುತ್ತೋ ಇಲ್ವೋ ನಾಳಿದ್ದು ಹೇಳಿ ಕಳಿಸ್ತೀನಿ."

ತಮ್ಮ ಕಾಗದದ ಸುರುಳಿಯನ್ನು ಮೇಜಿನ ಮೇಲಿಟ್ಟ. ಇನ್ನೇನೋ ಹೇಳಲಿಕ್ಕಿದ್ದವನಂತೆ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ. ಅಕ್ಕ ಆಗಲೇ ಸೀಮೆಸುಣ್ಣ ಕೈಗೆತ್ತಿಕೊಂಡು ಬಗ್ಗಿದ್ದಳು. ಅವನು ಬೀದಿಗಿಳಿದು, ಸೈಕಲ್ ರಿಪೇರಿಯವನ ಅಂಗಡಿ ದಾಟಿ ಹೋದ. ಅವಳು ಎಳೆದ ಗೆರೆ ಸೊಟ್ಟಗಾಗಿತ್ತು; ಅಂಗೈಯಿಂದ ಒರೆಸಿ ಮತ್ತೆ ಎಳೆದಳು.

ಅವರಪ್ಪ ಭೂಮಿ ಅಳೆಯುವ ಕಚೇರಿಯಲ್ಲಿ ಸರಪಳಿ ಹಿಡಿಯುವವನಾಗಿದ್ದ. ಜೀವಮಾನವೆಲ್ಲ ನೆಲ ನೋಡಿಕೊಂಡು ನಡೆದವನು ಸಂಜೆ ಮನೆಗೆ ಬಂದರೆ ಮಹಡಿ ಹತ್ತಿ ಆಕಾಶ ನೋಡುತ್ತಿದ್ದ. ಮಗಳು ಅವನ ಬಾಲ. ಕೈ ಚಾಚಿ ಹೆಬ್ಬೆರಳು ಎತ್ತಿ ಎರಡು ನಕ್ಷತ್ರಗಳ ನಡುವಿನ ದೂರ ಅಳೆಯುವುದನ್ನು ಅವನು ಕಲಿಸಿದ. ಮಿಕ್ಕದ್ದನ್ನು ಅವಳು ಶಾಲೆಯ ಲೈಬ್ರರಿಯ ಒಂದೇ ಒಂದು ಪುಸ್ತಕದಿಂದ ಕಲಿತಳು. ಮುಖಪುಟ ಹರಿದು, ಬರೆದವರು ಯಾರೆಂಬುದೇ ತಿಳಿಯದ ಪುಸ್ತಕ. ಅದನ್ನು ಓದುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಎರಡು ವರ್ಷ ಅವಳ ಹತ್ತಿರವೇ ಉಳಿಯಿತು. ಅವಳಿಗೆ ಹದಿನಾರು ತುಂಬಿದ ವರ್ಷ ಅಪ್ಪ ತೀರಿಕೊಂಡ. ಅಮ್ಮನಿಗೆ ಮೊದಲೇ ಎದೆನೋವು. ಮನೆ ನಡೆಯಬೇಕು, ಎಂಟು ವರ್ಷದ ತಮ್ಮ ಓದಬೇಕು. ಯಾರೂ ಅವಳಿಗೆ ಶಾಲೆ ಬಿಡು ಎನ್ನಲಿಲ್ಲ. ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸಿ, ಮಾರನೆಯ ದಿನ ಪಟಾಕಿ ಯಜಮಾನಿಯ ಮುಂದೆ ಹೋಗಿ ನಿಂತಳು.

"ಹೊಲಿಯೋಕೆ ಬರುತ್ತಾ?"

"ಇಲ್ಲ. ಅಳೆಯೋಕೆ ಬರುತ್ತೆ."

"ಅಳೆಯೋಕೆ ಬಂದ್ರೆ ಸಾಕು. ಹೊಲಿಯೋದು ಕತ್ತೆಗೂ ಬರುತ್ತೆ," ಎಂದು ಯಜಮಾನಿ ಒಳಗೆ ಕರೆದುಕೊಂಡಳು. ಮಕ್ಕಳಿಲ್ಲದ ಹೆಂಗಸು. ಆಮೇಲೆ ಅವಳನ್ನು ಬಿಟ್ಟುಕೊಡಲಿಲ್ಲ.

ಸಂಜೆ ಕೈ ಬೆರಳಿನ ಬೊಬ್ಬೆಗೆ ಎಣ್ಣೆ ಸವರಿಕೊಂಡು ಅಕ್ಕ ತಮ್ಮನನ್ನು ಮಹಡಿಗೆ ಕರೆದೊಯ್ಯುತ್ತಿದ್ದಳು. ಅಪ್ಪ ಅವಳಿಗೆ ಕಲಿಸಿದ್ದನ್ನೂ ಪುಸ್ತಕದ್ದನ್ನೂ ಸೇರಿಸಿ ಅವನ ತಲೆಗೆ ತುಂಬಿದಳು. ಅಲ್ಲೊಂದು ಕೆಂಪು ನಕ್ಷತ್ರ ಇತ್ತು. ಅದಕ್ಕೆ ಅವಳು 'ಕೆಂಡ' ಎಂದು ಹೆಸರಿಟ್ಟಿದ್ದಳು. "ಅದು ಮುದಿಯಾಗಿದೆ ಕಣೋ. ಮುದಿಯಾಗಿ ಊದಿಕೊಂಡಿದೆ. ನಮ್ಮ ಸೂರ್ಯನ ಜಾಗದಲ್ಲಿ ಅದನ್ನ ತಂದಿಟ್ರೆ ಭೂಮೀನೂ ಅದರ ಹೊಟ್ಟೆಯೊಳಗೇ." ತಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ನೀನು ನೋಡಿದೀಯಾ ಅಷ್ಟು ದೊಡ್ಡದಾಗಿ?" ಎಂದು ಕೇಳಿದರೆ, "ದೊಡ್ಡ ದುರ್ಬೀನು ಬೇಕು. ನೋಡ್ತೀನಿ ಒಂದಿನ," ಎನ್ನುತ್ತಿದ್ದಳು.

ತಮ್ಮ ಓದಿದ. ಓದಿ ಓದಿ, ಖಗೋಳ ವಿಜ್ಞಾನಿಯಾಗಿ, ಆಕಾಶಕ್ಕೇ ಏಣಿ ಹಾಕಿದ. ಮದುವೆಯಾಯಿತು, ಹೆಸರು ಬಂತು. ಅಕ್ಕ ಮದುವೆಯ ಗೋಜಿಗೆ ಹೋಗಲಿಲ್ಲ. ಅಮ್ಮ ಹೋದ ಮೇಲೆ ಕಾರ್ಖಾನೆಯ ಮೇಲಿನ ಎರಡು ಕೋಣೆಗಳಲ್ಲಿ ಯಜಮಾನಿಯ ಜೊತೆಗೇ ಇದ್ದಳು.

ಇಬ್ಬರ ನಡುವೆ ಮುರಿದದ್ದು ತಮ್ಮನಿಗೆ ನಡೆದ ಒಂದು ಸನ್ಮಾನದಲ್ಲಿ. ದೊಡ್ಡ ಸಭಾಂಗಣ, ವೇದಿಕೆಯ ತುಂಬ ಹೂವು. ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ನಾಲ್ಕನೆಯ ಸಾಲಿನಲ್ಲಿ ಕೂತಿದ್ದಳು. ಶಾಲೆ ಬಿಟ್ಟ ಮೇಲೆ ಅಷ್ಟು ಓದಿದವರ ನಡುವೆ ಅವಳು ಕೂತದ್ದೇ ಮೊದಲು. ತಮ್ಮ ಮೈಕಿನ ಮುಂದೆ ನಿಂತು ಹೇಳಿದ: "ನಮ್ಮ ಮನೆಯಲ್ಲಿ ಆಕಾಶ ನೋಡುವವರು ಯಾರೂ ಇರಲಿಲ್ಲ. ದುಡಿಯುವ ಜನ, ತಲೆ ಬಗ್ಗಿಸಿದವರು. ನಾನೊಬ್ಬನೇ ಮಹಡಿ ಹತ್ತಿ, ತಲೆಯೆತ್ತಿ ನೋಡಿ ಕಲಿತೆ."

ಚಪ್ಪಾಳೆ ಬಿತ್ತು. ಅಕ್ಕನ ಕೈಗಳೂ ತಾವಾಗಿ ಸೇರಿ ಎರಡು ಸಲ ತಟ್ಟಿದವು. ಆಮೇಲೆ ಅವಳು ಎದ್ದು, ಅಕ್ಕಪಕ್ಕದವರ ಮೊಣಕಾಲು ಸರಿಸಿಕೊಂಡು ಹೊರಗೆ ಬಂದು, ಬಸ್ಸು ಹತ್ತಿ ಮನೆ ಸೇರಿದಳು. ಅಲ್ಲಿಂದಾಚೆ ಅವನು ಫೋನು ಮಾಡಿದರೆ "ಹ್ಞೂಂ, ಚೆನ್ನಾಗಿದೀನಿ" ಎಂಬಷ್ಟೇ ಮಾತು. ವರ್ಷ ಕಳೆಯುವುದರೊಳಗೆ ಅದೂ ನಿಂತಿತು. ಏನು ತಪ್ಪಾಯಿತು ಎಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹೊಲಿಗೆಯಂತ್ರ ತುಳಿದಳು.

ಆದರೂ ಸಂಜೆ ಅಭ್ಯಾಸಬಲದಿಂದ ಮಹಡಿ ಹತ್ತಿದಾಗ ಪಕ್ಕದಲ್ಲಿ ಒಂದು ಚಿಕ್ಕ ಕೈಗಾಗಿ ಅವಳ ಕೈ ತಡಕಾಡುತ್ತಿತ್ತು. ನಲವತ್ತು ದಾಟಿದ ಗಂಡಸಿನ ಕೈಯಲ್ಲ, ಎಂಟು ವರ್ಷದ್ದು. ಅದು ಯಾವ ಊರಿನಲ್ಲೂ ಈಗ ಸಿಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೇನು, ಕೈ ಕೇಳಬೇಕಲ್ಲ.

ಕೆಲಸ ಒಪ್ಪಿಕೊಂಡಳು. ಒಪ್ಪಿಕೊಂಡದ್ದು ತಮ್ಮನಿಗಾಗಿ ಅಲ್ಲ, ಕೆಲಸದ ಮೇಲಿನ ಆಸೆಗೆ, ಎಂದು ತನಗೆ ತಾನೇ ಹೇಳಿಕೊಂಡಳು. ಯಜಮಾನಿ ನಕ್ಕಳು.

ಬಟ್ಟೆಯನ್ನು ಗುಂಡಗೆ ಮಾಡುವುದು ಸುಲಭದ ಮಾತಲ್ಲ. ಕಿತ್ತಳೆಯ ತೊಳೆಗಳ ಹಾಗೆ, ನಡುವೆ ಅಗಲ, ಎರಡೂ ತುದಿಗೆ ಚೂಪಾದ ಇಪ್ಪತ್ತನಾಲ್ಕು ಹೋಳು ಕತ್ತರಿಸಬೇಕು. ಒಂದೊಂದೂ ನಾಲ್ಕು ಮೀಟರ್ ಎಪ್ಪತ್ತೊಂದು ಸೆಂಟಿಮೀಟರ್ ಉದ್ದ. ತೆಳ್ಳನೆಯ ಪ್ಯಾರಾಚೂಟ್ ಬಟ್ಟೆ ತರಿಸಿದಳು. ಆರಿ ಬರುತ್ತಿರುವ ಕೆಂಡದ ಬಣ್ಣ. ಮೊದಲ ಸಲ ಅಂದಾಜಿನ ಮೇಲೆ ಕತ್ತರಿಸಿದಳು. ಎಂಟು ದಿನ ಹೊಲಿದು, ಫ್ಯಾನು ಹಚ್ಚಿದರೆ ಎದ್ದು ನಿಂತದ್ದು ಕುಂಬಳಕಾಯಿ. ಮೇಲೊಂದು ಗುಳಿ, ಕೆಳಗೊಂದು ಗುಳಿ, ಸುತ್ತಲೂ ಉಬ್ಬು.

"ಚೆನ್ನಾಗಿದೆ," ಎಂದಳು ಯಜಮಾನಿ. "ತೊಟ್ಟು ಒಂದು ಹೊಲಿದ್ಬಿಡು, ಮುಗೀತು."

ಅಕ್ಕ ನಗಲಿಲ್ಲ. ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದಳು. ಕಾರ್ಖಾನೆಯ ಕರಿಯ ನೆಲದ ಮೇಲೆ ದಾರ ಹಿಡಿದು ಒಂದೂವರೆ ಮೀಟರಿನ ಅರ್ಧವೃತ್ತ ಎಳೆದಳು. ಅಂಗೈ ಅಂಗೈ ಎತ್ತರಕ್ಕೂ ಅಲ್ಲಿಯ ಸುತ್ತಳತೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ, ಇಪ್ಪತ್ತನಾಲ್ಕರಿಂದ ಭಾಗಿಸಿ, ರಟ್ಟಿನಲ್ಲಿ ಒಂದು ಅಚ್ಚು ಕೊಯ್ದಳು. ಎರಡನೆಯ ಸಲ ಗಾಳಿ ತುಂಬಿದಾಗ ಬಟ್ಟೆ ಮೊದಲು ನೆಲದ ಮೇಲೆ ಹೊರಳಿ, ಆಮೇಲೆ ಬೆನ್ನೆತ್ತಿ, ನೋಡನೋಡುತ್ತ ಕಾರ್ಖಾನೆಯನ್ನೆಲ್ಲ ಆಕ್ರಮಿಸಿಕೊಂಡಿತು. ಮೇಜನ್ನೂ ಯಂತ್ರಗಳನ್ನೂ ಗೋಡೆಗೆ ಒತ್ತಬೇಕಾಯಿತು. ಯಜಮಾನಿ ಬಾಗಿಲಾಚೆ ಬೀದಿಯಲ್ಲಿ ನಿಂತು, "ಇಷ್ಟು ದೊಡ್ಡ ಚೆಂಡು ಒದೆಯೋರು ಯಾರೇ?" ಎಂದು ಕೂಗಿದಳು. ಬೀಗದಂಗಡಿಯವನೂ ಸೈಕಲ್ಲಿನವನೂ ಕೆಲಸ ಬಿಟ್ಟು ಬಂದು ನೋಡಿದರು. ಅಕ್ಕ ಒಂದು ಸಾಸಿವೆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಆ ಕೆಂಪು ಗೋಡೆಯ ಬುಡದಲ್ಲಿ ಬಹಳ ಹೊತ್ತು ನಿಂತಿದ್ದಳು.

ನಕ್ಷೆಯ ಜೊತೆಗೆ ಇನ್ನೊಂದು ಹಾಳೆ ಬಂದಿತ್ತು. ಗೋಲದ ಪಕ್ಕ ನಿಲ್ಲಿಸುವ ಫಲಕದ ಬರಹದ ಕರಡು. ಮಧ್ಯಾಹ್ನ ಊಟ ಮಾಡುತ್ತ ಅದನ್ನು ಓದಿದಳು. 'ಈ ನಕ್ಷತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೆ ಎರಡು ಗಂಟೆ ಬೇಕು. ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯನ್ನು ದಾಟಲು ಒಂದು ಲಕ್ಷ ವರ್ಷ ಬೇಕು. ಈ ಗೋಲವೇ ಆ ನಕ್ಷತ್ರವೆಂದುಕೊಂಡರೆ, ನಮ್ಮ ಗ್ಯಾಲಕ್ಸಿ ಸುಮಾರು ಒಂಬೈನೂರು ಕಿಲೋಮೀಟರ್ ಅಗಲ ಹರಡಿಕೊಂಡಿರುತ್ತದೆ.'

ತುತ್ತು ಬಾಯಿಯ ಹತ್ತಿರವೇ ನಿಂತಿತು. ಒಂಬೈನೂರು? ಅಷ್ಟು ದೂರ ತಾನು ಹೊಲಿದ ಡೇರೆಗಳು ಲಾರಿಯಲ್ಲಿ ಎರಡು ದಿನಕ್ಕೆ ಹೋಗಿ ಮುಟ್ಟುತ್ತವೆ. ಒಂದು ಲಕ್ಷ ವರ್ಷ ಎಲ್ಲಿ, ಎರಡು ಗಂಟೆ ಎಲ್ಲಿ?

ಕೈ ತೊಳೆದು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತಳು. ವರ್ಷಕ್ಕೆ ಎಂಟು ಸಾವಿರದ ಏಳುನೂರ ಅರುವತ್ತು ಗಂಟೆ. ಲಕ್ಷ ವರ್ಷಕ್ಕೆ ಎಂಬತ್ತೇಳು ಕೋಟಿ ಅರುವತ್ತು ಲಕ್ಷ. ಎರಡರಿಂದ ಭಾಗಿಸಿದರೆ ಹತ್ತಿರ ಹತ್ತಿರ ನಲವತ್ತನಾಲ್ಕು ಕೋಟಿ. ಅಂದರೆ ಗ್ಯಾಲಕ್ಸಿಯನ್ನು ಅಡ್ಡ ಅಳೆಯಲು ಇಂಥ ಚೆಂಡುಗಳನ್ನು ನಲವತ್ತನಾಲ್ಕು ಕೋಟಿ ಸಾಲಾಗಿ ಇಡಬೇಕು. ಒಂದೊಂದು ಮೂರು ಮೀಟರ್. ನೂರ ಮೂವತ್ತೆರಡು ಕೋಟಿ ಮೀಟರ್, ಹದಿಮೂರು ಲಕ್ಷ ಕಿಲೋಮೀಟರಿಗೂ ಮೇಲೆ. ಚಂದ್ರನೇ ಇಲ್ಲಿಂದ ನಾಲ್ಕು ಲಕ್ಷದ ಒಳಗೆ ಇರುವುದು. ಚಂದ್ರನನ್ನು ದಾಟಿ, ಅಷ್ಟೇ ದೂರ ಇನ್ನೊಮ್ಮೆ, ಮತ್ತೊಮ್ಮೆ ಹೋದರೂ ಮುಗಿಯುವುದಿಲ್ಲ.

ಒರೆಸಿ ಮತ್ತೆ ಮಾಡಿದಳು. ಮೂರು ಸಲ ಮಾಡಿದಳು. ಮೂರು ಸಲವೂ ಅದೇ ಬಂತು. ನೆಲದ ಮೇಲಿನ ಸೊನ್ನೆಗಳ ನಡುವೆ ಕೂತ ಅವಳ ಮೈ ಜುಮ್ಮೆಂದಿತು. ಹದಿನೈದನೆಯ ವಯಸ್ಸಿನಲ್ಲಿ ಆ ಹರಿದ ಪುಸ್ತಕ ಓದುವಾಗ ಹೀಗೆ ಆಗುತ್ತಿತ್ತು.

ಶುಕ್ರವಾರ ಗೋಲ ನೋಡಲು ತಮ್ಮ ಬಂದ. ಅವನು ಹೊಸ್ತಿಲು ದಾಟುವ ಮುಂಚೆಯೇ ಅಕ್ಕ ಹಾಳೆ ಹಿಡಿದುಕೊಂಡು ಎದ್ದು ಬಂದಳು.

"ಲೋ ದಡ್ಡ, ಏನೋ ಬರೆದಿದೀಯ ಇದು? ಒಂಬೈನೂರಂತೆ, ಒಂಬೈನೂರು! ಹದಿಮೂರು ಲಕ್ಷ ಕಣೋ! ಬಾ ಇಲ್ಲಿ, ನೋಡು."

ತಮ್ಮ ಅವಳ ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದ. ನೆಲದ ಮೇಲಿನ ಲೆಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ತುಟಿಯಲ್ಲೇ ಓದಿಕೊಂಡ. ಹಣೆ ತಟ್ಟಿಕೊಂಡ.

"ಮೊದಲು ನಕ್ಷತ್ರಾನೇ ಸಾಸಿವೆ ಮಾಡೋಣ ಅಂದ್ಕೊಂಡಿದ್ವಿ. ಆಗ ಒಂಬೈನೂರು ಸರಿ ಇತ್ತು. ಆಮೇಲೆ ಸೂರ್ಯನ್ನ ಸಾಸಿವೆ ಮಾಡಿ ಎಲ್ಲಾ ಬದಲಾಯಿಸ್ದೆ, ಕೊನೇ ಸಾಲು ಮಾತ್ರ ಹಳೇದೇ ಉಳೀತು. ನಾಲ್ಕು ಜನ ದೊಡ್ಡವರು ಓದಿ ಸಹಿ ಹಾಕಿದಾರೆ ಅಕ್ಕ. ಒಬ್ಬರಿಗೂ ಕಾಣ್ಲಿಲ್ಲ."

"ದೊಡ್ಡವರಿಗೆ ಕಾಣಲ್ಲ. ನಮ್ಮಲ್ಲಿ ಒಂದು ಅಂಗುಲ ತಪ್ಪಿದ್ರೆ ಡೇರೆ ತಲೆ ಮೇಲೇ ಬೀಳುತ್ತೆ."

ಅವನು ಸ್ಟೂಲು ಎಳೆದುಕೊಂಡು ಕೂತ. ಕಣ್ಣು ತುಂಬಿ ಬಂದಿತ್ತು. "ಲೋ ಅಂದೆ ನೀನು," ಎಂದ.

ಅಕ್ಕನಿಗೆ ಆಗಲೇ ಗೊತ್ತಾದದ್ದು. ಹಾಳೆಯನ್ನು ಮಡಿಸಿದಳು, ಬಿಚ್ಚಿದಳು. ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲಾಗಲಿಲ್ಲ.

"ಏನು ಮಾಡ್ದೆ ಅಂತ ನಾನು? ಹೇಳಾದ್ರೂ ಹೇಳಕ್ಕ. ಒಂಬತ್ತು ವರ್ಷ."

ಅವಳು ಹೇಳಿದಳು. ಅವನ ಭಾಷಣದ ಮಾತುಗಳನ್ನು ಒಂದಕ್ಷರ ಆಚೀಚೆ ಇಲ್ಲದೆ, ಯಾವ ಏರಿಳಿತವೂ ಇಲ್ಲದೆ ಒಪ್ಪಿಸಿದಳು. ತಮ್ಮ ಮರೆತಿರಬಹುದು, ನೆನಪಿಲ್ಲ ಎನ್ನಬಹುದು ಎಂದುಕೊಂಡಿದ್ದಳು. ಅವನು ಹಾಗೆನ್ನಲಿಲ್ಲ.

"ನೀನು ಬಂದಿರೋದು ಗೊತ್ತಿತ್ತು," ಎಂದ. "ನಾಲ್ಕನೇ ಸಾಲಲ್ಲಿ ಇದ್ದೆ. ಅಕ್ಕ ಕಲಿಸಿದ್ಲು ಅಂದ್ರೆ, ಆಮೇಲೆ ಎಲ್ಲರೂ ಕೇಳ್ತಾರೆ, ಅಷ್ಟೆಲ್ಲ ಗೊತ್ತಿದ್ದವರು ಈಗೇನು ಮಾಡ್ತಿದಾರೆ ಅಂತ. ಡೇರೆ ಹೊಲೀತಾಳೆ ಅಂತ ಹೇಳೋಕೆ ನಾಚಿಕೆ ಇರ್ಲಿಲ್ಲ. ಅವಳು ಯಾಕೆ ಹೊಲೀತಾಳೆ, ನಾನು ಯಾಕೆ ಇಲ್ಲಿ ನಿಂತಿದೀನಿ, ಅದನ್ನ ಹೇಳ್ಬೇಕಾಗ್ತಿತ್ತಲ್ಲ. ಅದಕ್ಕೆ ಬಾಯಿ ಬರ್ಲಿಲ್ಲ. ಒಂದು ಮಾತಲ್ಲಿ ಎಲ್ಲರನ್ನೂ ಒರೆಸಿ ಹಾಕ್ಬಿಟ್ಟೆ."

ಗೋಲದ ಕೆಳಗಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಯಜಮಾನಿ ಸುತ್ತಿಗೆ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರ ತುಟಿಗಳನ್ನೇ ನೋಡುತ್ತ ಕೂತಿದ್ದಳು. ಕೇಳಿಸಿತೋ ಇಲ್ಲವೋ, ಅರ್ಥವಾಗಿತ್ತು. "ಸಾಸಿವೆಯಷ್ಟು ಸುಖಕ್ಕೆ ಸಾಗರದಷ್ಟು ದುಃಖ," ಎಂದು ಒಂದು ಉಸಿರು ಬಿಟ್ಟು, "ಅವನು ಊಟ ಮಾಡಿದಾನಾ ಕೇಳೇ," ಎಂದಳು.

ಅಕ್ಕ ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸಿದ್ದಳೋ ಇಲ್ಲವೋ ಅವಳಿಗೂ ತಿಳಿಯದು. ತಟ್ಟೆ ತಂದು ಅವನ ಮುಂದಿಟ್ಟಳು.

ಹಜಾರ ತೆರೆಯುವ ದಿನ ಬೆಳಿಗ್ಗೆ ಒಂದು ಯಡವಟ್ಟಾಯಿತು. ಗೋಲವನ್ನು ಮೇಲಕ್ಕೆ ಎಳೆಯುವವರು ಕೊಕ್ಕೆಯನ್ನು ಹೊಲಿಗೆಗೇ ಸಿಕ್ಕಿಸಿ ಜಗ್ಗಿದರು. ಎರಡು ಅಂಗುಲ ಬಿಚ್ಚಿಕೊಂಡಿತು. ಗಾಳಿ ಸುಂಯ್ ಎಂದು ಸೋರತೊಡಗಿತು. ಆಗಲೇ ಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು, ಕುರ್ಚಿಗಳು ತುಂಬುತ್ತಿದ್ದವು. ಹೊರಗಿನಿಂದ ಹೊಲಿದರೆ ಗಾಯದ ಗುರುತು ಎದ್ದು ಕಾಣುತ್ತದೆ. ಅಕ್ಕ ಮತ್ತೇನೂ ಯೋಚಿಸದೆ ಗೋಲವನ್ನು ಕೆಳಗಿಳಿಸಲು ಹೇಳಿ, ಸೂಜಿ, ಮೇಣ ಸವರಿದ ದಾರ, ಒಂದು ಏಣಿ ತೆಗೆದುಕೊಂಡು ಗೋಲದ ಬುಡದ ಜಿಪ್ಪು ಎಳೆದು ಒಳಗೆ ತೂರಿಕೊಂಡಳು.

ಒಳಗೆ ಎಲ್ಲವೂ ಕೆಂಪು. ಅವಳ ಕೈ ಕೆಂಪು, ಬಿಳಿಯ ದಾರ ಕೆಂಪು. ಹೊರಗಿನ ದೀಪಗಳು ಬಟ್ಟೆಯನ್ನು ಹಾದು ಬರುವಾಗ ಮೆತ್ತಗಾಗುತ್ತಿದ್ದವು. ಏಣಿಯ ಮೇಲೆ ಕೂತು ಹೊಲಿಯುತ್ತ, ಈ ನಡುಮಧ್ಯದಲ್ಲಿ ಸೂರ್ಯನೆಂಬ ಸಾಸಿವೆ ಇದ್ದರೆ, ಭೂಮಿ ಅದನ್ನು ಸುತ್ತುವ ದಾರಿ ಒಂದು ಬುಟ್ಟಿಯ ಬಾಯಿಯಷ್ಟು ಅಗಲ ಎಂದುಕೊಂಡಳು. ತಾವಿಬ್ಬರೂ ಹುಟ್ಟಿದ ಮನೆ, ಆ ಮಹಡಿ, ಸಭಾಂಗಣ, ಬಸ್ಸು, ಎಲ್ಲವೂ ಆ ಬುಟ್ಟಿಯ ಅಂಚಿನಲ್ಲಿ.

ಹೊರಗೆ ತಮ್ಮನ ದನಿ ಎದ್ದಿತು. ಮೈಕಿನ ಮಾತು ಫ್ಯಾನಿನ ಗುಂಯ್‌ಗುಡುವಿಕೆಯಲ್ಲಿ ಕಲಸಿಹೋಗಿ, ದನಿಯ ಏರಿಳಿತ ಮಾತ್ರ ಒಳಗೆ ಬರುತ್ತಿತ್ತು. ಒಂದು ಕಡೆ ಅವನು ತಡವರಿಸಿದ. ನಿಂತ. ಮತ್ತೆ ಸಣ್ಣ ದನಿಯಲ್ಲಿ ಏನೋ ಹೇಳಿದ. ಅಕ್ಕ ಸೂಜಿ ನಿಲ್ಲಿಸಿ, ಬಟ್ಟೆಗೆ ಕಿವಿ ಹಚ್ಚಿದಳು. ಒಂದು ಅಕ್ಷರವೂ ಬಿಡಿಯಾಗಿ ಸಿಗಲಿಲ್ಲ. ಆಮೇಲೆ ಚಪ್ಪಾಳೆ.

ಹೊರಗೆ ಬಂದು ಯಜಮಾನಿಯನ್ನು ಕೇಳಿದಳು. "ಏನಂದ ಅವನು?"

"ನಂಗೇನು ಕೇಳಿಸುತ್ತೆ? ಮೈಕು ಗೊರಗೊರ ಅಂತು. ಆದ್ರೆ ಏನೋ ಅಂದ, ಆಗ ಎಲ್ಲರೂ ಒಟ್ಟಿಗೆ ತಿರುಗಿ ಚೆಂಡಿನ ಕಡೆ ನೋಡಿದ್ರು ಕಣೇ."

ಅವನನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಫಲಕದ ಮುಂದೆ ಗುಂಪುಗೂಡಿದ್ದ ಮಕ್ಕಳ ಹಿಂದೆ ನಿಂತುಕೊಂಡಳು. ಒಬ್ಬ ಹುಡುಗಿ ಬೆರಳಿಟ್ಟು ಓದುತ್ತಿದ್ದಳು: 'ಹದಿಮೂರು ಲಕ್ಷ ಕಿಲೋಮೀಟರ್.' ಓದಿ, ಆ ಭಾರಿ ಗೋಲವನ್ನು ನೋಡಿ, "ಅಯ್ಯೋ, ಹಾಗಾದ್ರೆ ಇದು ಚಿಕ್ಕದು!" ಎಂದಳು.

ಜನವೆಲ್ಲ ಕರಗಿದ ಮೇಲೆ ತಮ್ಮ ಬಂದ. "ನಿನಗೆ ಏನು ಕೊಡ್ಲಿ ಅಕ್ಕ?" ಎಂದ. ಕೇಳಬಾರದ ರೀತಿಯಲ್ಲಿ ಕೇಳಿದೆ ಎಂದು ಅವನಿಗೇ ಅನ್ನಿಸಿ ತಲೆ ಕೆರೆದುಕೊಂಡ.

ಅಕ್ಕನಿಗೆ ಯೋಚಿಸಬೇಕಾಗಿರಲಿಲ್ಲ. "ಕೆಂಡಾನ ದೊಡ್ಡ ದುರ್ಬೀನಲ್ಲಿ ಒಂದ್ಸಲ ನೋಡ್ಬೇಕು."

ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಎರಡು ಗಂಟೆಯ ದಾರಿ. ಚಳಿಗಾಲದ ಸಂಜೆ, ಏಳು ಹೊಡೆಯುವ ಹೊತ್ತಿಗೆ ಕತ್ತಲಾಗಿತ್ತು. ತಮ್ಮ ತನ್ನ ಕೋಟನ್ನು ಅವಳಿಗೆ ಹೊದಿಸಿದ. ಗುಮ್ಮಟದ ಬಾಗಿಲು ಗಡಗಡ ಸರಿದು ಒಂದು ಸೀಳು ಆಕಾಶ ಕಾಣಿಸಿತು. ಲಾರಿಯ ಗಾತ್ರದ ದುರ್ಬೀನು ಮೆಲ್ಲಗೆ ಮೂಡಣಕ್ಕೆ ತಿರುಗಿತು. ಅಕ್ಕ ಮೂರು ಮೆಟ್ಟಿಲು ಹತ್ತಿ, ಉಸಿರು ಬಿಗಿಹಿಡಿದು, ಕಣ್ಣಿಟ್ಟಳು.

ಒಂದು ಚುಕ್ಕೆ. ಮಹಡಿಯಿಂದ ಕಾಣುವುದಕ್ಕಿಂತ ಎಷ್ಟೋ ಪಾಲು ಪ್ರಖರ, ಕಿತ್ತಳೆಗೆಂಪು, ಸಣ್ಣಗೆ ನಡುಗುವ ಚುಕ್ಕೆ. ಆದರೆ ಚುಕ್ಕೆ.

"ಸರಿಯಾಗಿ ಹಿಡಿದಿಲ್ಲ ಅನ್ಸುತ್ತೆ. ಅಗಲ ಕಾಣ್ತಿಲ್ಲ," ಎಂದಳು.

"ಸರಿಯಾಗೇ ಇದೆ ಅಕ್ಕ. ಅದು ಅಷ್ಟೇ. ನೀನು ಹೊಲಿದ ನಕ್ಷತ್ರದಲ್ಲಿ ಹೆಚ್ಚುಕಮ್ಮಿ ಅರ್ಧ ಇದೆ ನಮ್ಮ ಕೆಂಡ. ಆದ್ರೆ ಬೆಳಕು ಅಲ್ಲಿಂದ ಬರೋಕೆ ನೂರಾರು ವರ್ಷ. ಭಾರಿ ಯಂತ್ರಗಳನ್ನ ಒಟ್ಟು ಸೇರಿಸಿ ಚಿತ್ರ ತೆಗೆದಿದಾರೆ, ಒಂದು ಮಸುಕು ಉಂಡೆ ಥರ ಬರುತ್ತೆ. ಕಣ್ಣಿಟ್ಟು ನೋಡಿದ್ರೆ ಯಾರಿಗೂ ಚುಕ್ಕೇನೇ."

"ನಿನಗೂ?"

"ನನಗೂ."

ಮೂವತ್ತಾರು ವರ್ಷ ಅವಳು ಅಂದುಕೊಂಡಿದ್ದಳು, ತನಗೂ ಅದಕ್ಕೂ ನಡುವೆ ಇರುವುದು ಒಂದು ದುರ್ಬೀನು ಮಾತ್ರ ಎಂದು. ಓದಿದವರೆಲ್ಲ ಅದನ್ನು ತುಂಬು ಚಂದ್ರನ ಹಾಗೆ ನೋಡಿ ಸುಖಪಡುತ್ತಿದ್ದಾರೆ, ತಾನೊಬ್ಬಳು ಹೊರಗೆ ಉಳಿದೆ ಎಂದು.

ತಮ್ಮ ಅವಳ ಕೈ ಹಿಡಿದು ಗುಮ್ಮಟದಿಂದ ಹೊರಗೆ ಕರೆತಂದ. ಪಡುವಣದ ಕಡೆ, ಎತ್ತರದಲ್ಲಿ, ಹೆಬ್ಬೆರಳಿಟ್ಟು ತೋರಿಸಿದ. ಬರಿಗಣ್ಣಿಗೇ ಕಾಣುವ ಒಂದು ಕಲೆ. ಗಾಜಿನ ಮೇಲೆ ಉಸಿರು ಬಿಟ್ಟಂತೆ. "ಅದು ನಮ್ಮ ಪಕ್ಕದ ಗ್ಯಾಲಕ್ಸಿ. ಕೆಂಡಕ್ಕಿಂತ ಸಾವಿರಾರು ಪಟ್ಟು ದೂರ, ಆದ್ರೂ ಅಗಲ ಕಾಣುತ್ತೆ ನೋಡು. ಇಪ್ಪತ್ತೈದು ಲಕ್ಷ ವರ್ಷದ ಹಿಂದಿನ ಬೆಳಕು."

"ಅದರೊಳಗೆ ನಾನು ಹೊಲಿದಂಥವು ಎಷ್ಟಿರಬಹುದು?"

"ಸಾವಿರಾರು. ಒಂದೂ ಬರಿಗಣ್ಣಿಗೆ ಬೇರೆಯಾಗಿ ಕಾಣಲ್ಲ."

ಅವಳು ತಲೆಯೆತ್ತಿ ನಿಂತೇ ಇದ್ದಳು. ಚಳಿಗೆ ಕಣ್ಣಲ್ಲಿ ನೀರು ಬಂದಿತ್ತು, ಅಥವಾ ಚಳಿಗೆ ಅಲ್ಲ. ತಮ್ಮ ಮೆಲ್ಲಗೆ, "ನೀನು ಓದಿದ್ದಿದ್ರೆ ಅಕ್ಕ..." ಎಂದು ಶುರುಮಾಡಿದ.

"ಬೇಡ, ಆ ಮಾತು ತೆಗೀಬೇಡ," ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ತೆಗೆದಳು. ಅಮ್ಮನ ಹತ್ತಿರ, ಯಜಮಾನಿಯ ಹತ್ತಿರ, ಯಾರ ಹತ್ತಿರವೂ ಒಮ್ಮೆಯೂ ಆಡದ ಮಾತು, ಸಲೀಸಾಗಿ ಬಂತು. "ತುಂಬಾ ಆಸೆ ಇತ್ತು ಕಣೋ. ಓದ್ಬೇಕು ಅಂತ. ತುಂಬಾ ಇತ್ತು. ಈಗ್ಲೂ ಇದೆ."

ತಮ್ಮ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅವಳು ಮೆಟ್ಟಿಲಿಳಿದು ಹೊರಟುಬಿಡುತ್ತಿದ್ದಳು. ಅವಳ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತುಕೊಂಡ.

ಆಮೇಲೆ ಅಕ್ಕ ಒಬ್ಬಳೇ ಒಳಗೆ ಹೋಗಿ ಮತ್ತೆ ಮೂರು ಮೆಟ್ಟಿಲು ಹತ್ತಿದಳು. ಚುಕ್ಕೆ ಇದ್ದ ಹಾಗೇ ಇತ್ತು, ನಡುಗುತ್ತ. ಅದರ ಅಗಲ ಎಷ್ಟೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಕಾಣದು. ಕಾಣದಿದ್ದರೂ ಕಣ್ಣು ತೆಗೆಯಲು ಮನಸ್ಸು ಬಾರದು.

ಬಾಗಿಲಲ್ಲಿ ತಮ್ಮ ಇಣುಕಿದ. "ಮೋಡ ಬರೋ ಹಾಗಿದೆ ಅಕ್ಕ. ಹೊರಡೋಣ್ವಾ?"

"ಬರ್ಲಿ," ಎಂದಳು, ಕಣ್ಣು ತೆಗೆಯದೆ. "ಬಂದ್ಮೇಲೆ ಹೊರಡೋಣ."